ಮನೆಯಲ್ಲಿ ಅಗ್ನಿಶಾಮಕ ಸಾಧನ: ಆಯ್ಕೆ ಮತ್ತು ಬಳಕೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ಹಿರಿಯರ ಮಾತು. ಬಹುಮಹಡಿ ಸೊಸೈಟಿಗಳಲ್ಲಿ ನೆಲೆಸಿರುವ ಪುಣೆಯ ಕನ್ನಡ ಕುಟುಂಬಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2021ರ ಜನವರಿ 21ರಂದು ಮಾಂಜರಿಯ ಸೀರಮ್ ಇನ್‌ಸ್ಟಿಟ್ಯೂಟ್ ಆವರಣದ ನಿರ್ಮಾಣ ಹಂತದ ಕಟ್ಟಡದಲ್ಲಿ ಬೆಂಕಿ ಹೊತ್ತಿ ಐವರು ಮೃತರಾದರು. ಅದೇ ವರ್ಷದ ಮಾರ್ಚ್ 26ರ ರಾತ್ರಿ ಕ್ಯಾಂಪ್ ಭಾಗದ ಫ್ಯಾಷನ್ ಸ್ಟ್ರೀಟ್‌ನ ನೂರಾರು ಅಂಗಡಿಗಳು ಭಸ್ಮವಾದವು. ಅಂತಹ ಬೆಂಕಿಗೆ ಅಗ್ನಿಶಾಮಕ ದಳವೇ ಬರಬೇಕು. ಮನೆಯಲ್ಲಿರುವ ಚಿಕ್ಕ ಸಾಧನ ಬೆಂಕಿಯ ಮೊದಲ ಕ್ಷಣಗಳಿಗೆ ಮಾತ್ರ.

ಯಾವ ಬೆಂಕಿಗೆ ಯಾವುದು?

ಕಟ್ಟಿಗೆ, ಕಾಗದ, ಬಟ್ಟೆಯ ಬೆಂಕಿ ‘ಎ’ ವರ್ಗಕ್ಕೂ, ಪೆಟ್ರೋಲ್, ಸೀಮೆಎಣ್ಣೆಯಂತಹ ದ್ರವಗಳದ್ದು ‘ಬಿ’ ವರ್ಗಕ್ಕೂ, ಅಡುಗೆ ಅನಿಲದ್ದು ‘ಸಿ’ ವರ್ಗಕ್ಕೂ ಸೇರುತ್ತದೆ. ಈ ಮೂರಕ್ಕೂ ಸಲ್ಲುವ ‘ಎಬಿಸಿ’ ಒಣಪುಡಿಯ ಸಾಧನವೇ ಮನೆಗೆ ಸೂಕ್ತ. ಮನೆಯವರೆಲ್ಲರೂ ಎತ್ತಬಲ್ಲ 2 ಅಥವಾ 4 ಕಿಲೋ ತೂಕದ್ದನ್ನು ಆರಿಸಿಕೊಳ್ಳಿರಿ. ಅದರ ಮೇಲೆ ಐ.ಎಸ್. 15683 ಸಂಖ್ಯೆಯೊಡನೆ ಐ.ಎಸ್.ಐ. ಮುದ್ರೆ ಇರುವುದನ್ನು ಖಚಿತಪಡಿಸಿಕೊಳ್ಳಿರಿ. ಕಂಪ್ಯೂಟರ್, ವಿದ್ಯುತ್ ಫಲಕಗಳಿಗೆ ಇಂಗಾಲದ ಡೈಆಕ್ಸೈಡ್ ಸಾಧನ ಉತ್ತಮ, ಏಕೆಂದರೆ ಅದು ಪುಡಿಯನ್ನು ಉಳಿಸುವುದಿಲ್ಲ. ಆದರೆ ಅದರ ಕೊಳವೆಯ ತುದಿ ಅತಿಶೀತವಾಗುವುದರಿಂದ ಅದನ್ನು ಬರಿಗೈಯಲ್ಲಿ ಹಿಡಿಯಬಾರದು. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಬಳಸಿದರೆ ಉಸಿರು ಕಟ್ಟುವ ಅಪಾಯವೂ ಉಂಟು.

ಅಡುಗೆಮನೆಯ ಎಚ್ಚರಿಕೆ

ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ನೀರು ಸುರಿಯುವುದು ಮಹಾ ಅನಾಹುತ. ನೀರು ಎಣ್ಣೆಯ ಕೆಳಗಿಳಿದು ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಒಣಪುಡಿಯನ್ನು ಸಮೀಪದಿಂದ ಹಾರಿಸಿದರೂ ಎಣ್ಣೆ ಚೆಲ್ಲಬಹುದು. ಪುಡಿ ಎಣ್ಣೆಯನ್ನು ತಣಿಸದ ಕಾರಣ ಮತ್ತೆ ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಕೈಗೆಟುಕುವಂತಿದ್ದರೆ ಒಲೆಯನ್ನು ಆರಿಸಿ, ಬಾಣಲೆಯನ್ನು ಕದಲಿಸದೆ, ಅಗಲವಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿರಿ. ತಣ್ಣಗಾಗುವವರೆಗೆ ತೆರೆಯದಿರಿ.

ಅನಿಲ ಉರಿಯುತ್ತಿದ್ದರೆ ಮೊದಲು ರೆಗ್ಯುಲೇಟರನ್ನು ಅಥವಾ ಕೊಳವೆಯ ಕವಾಟವನ್ನು ಮುಚ್ಚಬೇಕು. ಜ್ವಾಲೆ ಆರಿದರೂ ಅನಿಲ ಸೋರುತ್ತಿದ್ದರೆ ಸ್ಫೋಟದ ಭಯ ಉಳಿಯುತ್ತದೆ. ಬೆಂಕಿಯಿಲ್ಲದೆ ಕೇವಲ ವಾಸನೆ ಬಂದರೆ ವಿದ್ಯುತ್ ಗುಂಡಿಗಳನ್ನು ಮುಟ್ಟದೆ ಕಿಟಕಿಗಳನ್ನು ತೆರೆದು ಹೊರಬನ್ನಿರಿ. ಎಲ್.ಪಿ.ಜಿ. ಸೋರಿಕೆಗೆ ದೂರವಾಣಿ ಸಂಖ್ಯೆ 1906. ವಿದ್ಯುತ್ ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡರೆ ಪುಡಿಯನ್ನು ನಂಬದೆ ದೂರ ಸರಿಯಿರಿ. ಅದರ ಒಳಗಿನ ಕಾವು ಪುಡಿಗೆ ಆರುವಂಥದಲ್ಲ.

ಬಳಸುವ ಕ್ರಮ

ಮೊದಲು ಮನೆಯವರನ್ನು ಹೊರಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿಸಿರಿ. ಹೊರಬಾಗಿಲು ನಿಮ್ಮ ಬೆನ್ನ ಹಿಂದಿರಲಿ. ಎರಡು ಮೂರು ಮೀಟರ್ ದೂರ ನಿಂತು ಪಿನ್ ಎಳೆಯಿರಿ. ಕೊಳವೆಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ. ಹಿಡಿಯನ್ನು ಒತ್ತಿ, ಎಡಬಲಕ್ಕೆ ಬೀಸುತ್ತಾ ಮುನ್ನಡೆಯಿರಿ. ಚಿಕ್ಕ ಸಾಧನ ಸುಮಾರು 10 ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಅಷ್ಟರಲ್ಲಿ ಬೆಂಕಿ ಆರದಿದ್ದರೆ, ಅಥವಾ ಹೊಗೆ ತುಂಬಿದರೆ, ಬಾಗಿಲನ್ನು ಎಳೆದುಕೊಂಡು ಮೆಟ್ಟಿಲಿನಿಂದ ಇಳಿಯಿರಿ, ಲಿಫ್ಟ್ ಬೇಡ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಅಸುನೀಗಿದರು. ಅಲ್ಲಿ ಜ್ವಾಲೆಗಿಂತ ಹೊಗೆಯೇ ಮಾರಕವಾಯಿತು ಎಂಬುದನ್ನು ಮರೆಯಲಾಗದು.

ನಿರ್ವಹಣೆ

ಸಾಧನವನ್ನು ಒಲೆಯ ಪಕ್ಕದಲ್ಲಿಡದೆ, ಹೊರಹೋಗುವ ದಾರಿಯಲ್ಲಿ ತೂಗುಹಾಕಿರಿ. ಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿರಿ. ಇಂಗಾಲದ ಡೈಆಕ್ಸೈಡ್ ಸಾಧನದಲ್ಲಿ ಮಾಪಕವಿರದು. ಅದನ್ನು ತೂಗಿಯೇ ಪರೀಕ್ಷಿಸಬೇಕು. ಒಮ್ಮೆ ಒತ್ತಿದ ಸಾಧನವನ್ನು, ಸ್ವಲ್ಪವೇ ಬಳಸಿದ್ದರೂ, ಮರುಭರ್ತಿ ಮಾಡಿಸಲೇಬೇಕು.

ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯಿದೆಯ ಪ್ರಕಾರ ಅದಕ್ಕೊಳಪಟ್ಟ ಕಟ್ಟಡಗಳು ವರ್ಷದಲ್ಲಿ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪರವಾನಗಿ ಪಡೆದ ಸಂಸ್ಥೆಯ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು. ನಿಮ್ಮ ಸೊಸೈಟಿಯ ಕಾರ್ಯದರ್ಶಿಗಳಲ್ಲಿ ಅದನ್ನು ವಿಚಾರಿಸುವುದು ಸದಸ್ಯರ ಹಕ್ಕೂ ಹೌದು, ಕರ್ತವ್ಯವೂ ಹೌದು. 1944ರ ಮುಂಬಯಿ ವಿಕ್ಟೋರಿಯಾ ಡಾಕ್ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗೆ ಏಪ್ರಿಲ್ 14ರಿಂದ ಪ್ರತಿವರ್ಷ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರ ಸೊಸೈಟಿಯ ಅಂಗಳದಲ್ಲಿ ಒಂದು ಪ್ರಾತ್ಯಕ್ಷಿಕೆ ಏರ್ಪಡಿಸಿ, ಮನೆಯ ಹಿರಿಯರೂ ಮಕ್ಕಳೂ ಒಮ್ಮೆ ಸಾಧನವನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿರಿ.