ಸಾಮಾಜಿಕ ಆತಂಕ ಮತ್ತು ಮದ್ಯವರ್ಜನ

ನಾಲ್ಕು ಜನರೆದುರು ಮಾತಾಡಲು, ಉಣ್ಣಲು, ಬ್ಯಾಂಕಿನ ಚಲನ್ನಿಗೆ ಸಹಿ ಹಾಕಲು ಸಹ ಬೆವರುವಷ್ಟು ಅಳುಕುವ ಸ್ಥಿತಿಗೆ ಮನೋವೈದ್ಯರು ಸಾಮಾಜಿಕ ಆತಂಕ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಸಾಮಾನ್ಯವಾಗಿ ಹದಿಹರೆಯದಲ್ಲೇ ತಲೆದೋರುವ ಈ ಅಳುಕನ್ನು ಮನೆಯವರು 'ನಾಚಿಕೆ ಸ್ವಭಾವ' ಎಂದುಕೊಂಡು ಸುಮ್ಮನಾಗುವುದೇ ಹೆಚ್ಚು. ಕುಡಿತ ಬರುವುದು ಆಮೇಲೆ. ಮದುವೆಯ ಹಿಂದಿನ ರಾತ್ರಿಯ ಪಾರ್ಟಿಯಲ್ಲೋ ಆಫೀಸಿನ ಕೂಟದಲ್ಲೋ ಗೆಳೆಯರ ಒತ್ತಾಯಕ್ಕೆ ಹಾಕಿದ ಒಂದು ಪೆಗ್ಗಿನಿಂದ ನಾಲಿಗೆ ಸಡಿಲವಾಗುತ್ತದೆ. ಮುಂದಿನ ಸಲ ಅದಿಲ್ಲದೆ ಹೊರಡುವುದೇ ಕಷ್ಟವಾಗುತ್ತದೆ.

ಮದ್ಯ ಮಿದುಳಿನಲ್ಲಿ ಗಾಬಾ ಎಂಬ ಶಾಮಕ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ, ಉದ್ರೇಕಿಸುವ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. ದಿನವೂ ಕುಡಿದರೆ ಮಿದುಳು ಇದಕ್ಕೆ ಹೊಂದಿಕೊಂಡು ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ಅಮಲು ಇಳಿದಾಗ ಉಳಿಯುವುದು ಆ ಏರಿದ ಉದ್ರೇಕ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ, ಆತಂಕ ಮೊದಲಿಗಿಂತ ಹೆಚ್ಚಾಗುತ್ತದೆ. ಕೈ ನಡುಗುವುದನ್ನು ಯಾರಾದರೂ ನೋಡಿಯಾರು ಎಂದು ಹೆದರಿ ಕುಡಿಯುತ್ತಿದ್ದವನಿಗೆ ಬಿಟ್ಟ ಮೊದಲ ದಿನಗಳಲ್ಲಿ ಕೈ ನಿಜವಾಗಿಯೇ ನಡುಗುತ್ತದೆ.

ಆದ್ದರಿಂದ ಬಹುಕಾಲ ನಿತ್ಯ ಕುಡಿದವರು ಯಾರಿಗೂ ಹೇಳದೆ ಕೋಣೆಯ ಬಾಗಿಲು ಹಾಕಿಕೊಂಡು ಒಮ್ಮೆಲೇ ಬಿಡುವುದು ಅಪಾಯಕರ. ಸಂಕೋಚದವರು ಹಿಡಿಯುವ ದಾರಿಯೂ ಸಾಮಾನ್ಯವಾಗಿ ಇದೇ. ಕೊನೆಯ ಗುಟುಕಾದ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪಿಸುವ ಸನ್ನಿ ಕೆಲವರ ಪ್ರಾಣವನ್ನೇ ತೆಗೆಯುತ್ತದೆ. ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧವನ್ನು ದಿನದಿಂದ ದಿನಕ್ಕೆ ಇಳಿಸುತ್ತ, ಜೊತೆಗೆ ಥಯಮಿನ್ ಕೊಡುವ ಚಿಕಿತ್ಸೆ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು. ಕುಡಿದರೆ ಮೈ ಕೆಂಪಾಗಿ ವಾಂತಿಯಾಗುವಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ರೋಗಿಗೆ ಗೊತ್ತಾಗದಂತೆ ಸಾರಿನಲ್ಲಿ ಕದಡಿ ಕೊಡುವ ಮನೆಗಳುಂಟು. ಅದು ಚಿಕಿತ್ಸೆಯಲ್ಲ, ಜೀವಕ್ಕೆ ಕುತ್ತು.

ಮುಂದಿನ ತೊಡಕು ಇನ್ನೂ ಸೂಕ್ಷ್ಮ. ಕುಡಿತ ಬಿಡಿಸುವ ಪ್ರಸಿದ್ಧ ವ್ಯವಸ್ಥೆಗಳೆಲ್ಲ ಗುಂಪನ್ನು ನೆಚ್ಚಿಕೊಂಡಿವೆ. ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿತು. ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಸ್ವತಃ ಸಂಕೋಚದ ಯುವಕರಾಗಿದ್ದರು. ಜನರೊಡನೆ ಬೆರೆಯುವ ಧೈರ್ಯ ಮೊದಲ ಕುಡಿತದಿಂದಲೇ ಬಂತೆಂದು ಅವರು ಹೇಳಿಕೊಂಡಿದ್ದಾರೆ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳೂ ಸಾಮೂಹಿಕವೇ. ಶಿಬಿರ ಮುಗಿದವರನ್ನು ನವಜೀವನ ಸಮಿತಿಗಳು ಜೊತೆಗಿಟ್ಟುಕೊಳ್ಳುತ್ತವೆ. ಸಾವಿರಾರು ಮನೆಗಳಿಗೆ ಇವುಗಳಿಂದ ಉಪಕಾರವಾಗಿದೆ. ಆದರೆ ವೃತ್ತಾಕಾರದಲ್ಲಿ ಕೂತು ತನ್ನ ಸರದಿಗೆ ಕಾಯುವುದೇ ನರಕವೆನಿಸುವವನು ಎರಡನೇ ಸಭೆಗೆ ಬರುವುದಿಲ್ಲ. 'ಅವನಿಗೆ ಬಿಡುವ ಮನಸ್ಸೇ ಇಲ್ಲ' ಎಂಬ ಮಾತು ಊರಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ 'ಪ್ರಾಜೆಕ್ಟ್ ಮ್ಯಾಚ್' ಅಧ್ಯಯನದ ಮಾಹಿತಿಯೂ ಭಾಗಶಃ ಇದನ್ನೇ ಸೂಚಿಸಿತು: ಸಾಮಾಜಿಕ ಆತಂಕವಿದ್ದ ಮಹಿಳೆಯರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲುಗಳ ವಿಧಾನಕ್ಕಿಂತ, ಯೋಚನೆ ಹಾಗೂ ನಡವಳಿಕೆಯನ್ನು ತಿದ್ದುವ ಸಿಬಿಟಿ ಹೆಚ್ಚು ಫಲ ಕೊಟ್ಟಿತು. ಗಂಡಸರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಆತಂಕ, ಕುಡಿತ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟರಾಯಿತೆ? ಅಷ್ಟು ಸುಲಭವಲ್ಲ. ಕ್ಯಾರಿ ರ‍್ಯಾಂಡಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡಕ್ಕೂ ಏಕಕಾಲದಲ್ಲಿ ಚಿಕಿತ್ಸೆ ಪಡೆದವರ ಕುಡಿತ ಬರೀ ಮದ್ಯದ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಾಗಿಯೇ ಉಳಿಯಿತು. ಹೆದರುವ ಸನ್ನಿವೇಶಗಳನ್ನು ಬೇಗ ಎದುರಿಸಲು ಹೇಳಿದ್ದು ಅವರನ್ನು ಮತ್ತೆ ಬಾಟಲಿಯತ್ತ ತಳ್ಳಿರಬಹುದು. ಮುಂದೆ ಪ್ಯಾರಾಕ್ಸಿಟಿನ್ ಮಾತ್ರೆ ಕೊಟ್ಟು ನೋಡಿದಾಗ ಆತಂಕವೇನೋ ಇಳಿಯಿತು, ಕುಡಿತ ತಾನಾಗಿ ಇಳಿಯಲಿಲ್ಲ. ಎರಡಕ್ಕೂ ಚಿಕಿತ್ಸೆ ಬೇಕು, ಆದರೆ ಆತುರ ಸಲ್ಲದು ಎಂಬುದು ಇದರಿಂದ ಕಾಣುತ್ತದೆ.

ನೆರವು ಕೇಳಲು ಗುಂಪಿನಿಂದಲೇ ಆರಂಭಿಸಬೇಕಿಲ್ಲ. ಒಬ್ಬ ವೈದ್ಯರೊಡನೆ ಮುಚ್ಚಿದ ಬಾಗಿಲಿನ ಮಾತು ಸಾಕು. ಬಾಯಿಬಿಟ್ಟು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಬಹುದು. ಎಷ್ಟು ಕುಡಿಯುತ್ತೀರಿ ಎಂಬುದರೊಡನೆ ಎಲ್ಲಿಗೆ ಹೋಗುವ ಮೊದಲು ಕುಡಿಯುತ್ತೀರಿ ಎಂಬುದನ್ನೂ ತಿಳಿಸಬೇಕು. ಆತಂಕದ ಸುಳಿವು ಸಿಗುವುದು ಅಲ್ಲೇ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಮಾತು ಕಡ್ಡಾಯವಲ್ಲ, ಬರೀ ಕೇಳಿಸಿಕೊಂಡು ಎದ್ದು ಬರಬಹುದು. ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಗೋಪ್ಯತೆ ರೋಗಿಯ ಹಕ್ಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮುಖ ತೋರಿಸಲೂ ಹಿಂಜರಿಯುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು; ಅದಕ್ಕೆ ಶುಲ್ಕವಿಲ್ಲ.