ಒಲಿ, ಹಿತ್ತಲ, ಕೌದಿ: ನಮ್ಮ ಮನಿಗಳ ಚರಿತ್ರೆ

ಬುಧಗಾಂವದ ಚರಿತ್ರೆ ಅಂದ್ರೆ ಎಲ್ಲರೂ ಸಂಸ್ಥಾನದ ಕಥಿ ಹೇಳತಾರ. ಅದು ಹೇಳಬೇಕಾದ್ದೇ. ಮಿರಜದ ಪಟವರ್ಧನ ಮನೆತನದಾಗ 1820ರಲ್ಲಿ ಪಾಲು ಆಯಿತು. ಮುಂದೆ ಹಿರಿಯ ಪಾತಿಯವರು ಮಿರಜದಾಗ ಉಳಿದರು, ಕಿರಿಯ ಪಾತಿಗೆ ನಮ್ಮ ಬುಧಗಾಂವ ರಾಜಧಾನಿ ಆಯಿತು. 1948ರ ಮಾರ್ಚ್ ತಿಂಗಳಾಗ ಈ ಸಂಸ್ಥಾನಗಳೆಲ್ಲ ಮುಂಬೈ ಪ್ರಾಂತದಾಗ ಕೂಡಿದವು. 1949ಕ್ಕೆ ನಮ್ಮ ಜಿಲ್ಲಾಕ್ಕ ದಕ್ಷಿಣ ಸಾತಾರಾ ಅಂತ ಹೆಸರಾಯಿತು, 1960ಕ್ಕೆ ಸಾಂಗಲಿ ಜಿಲ್ಲಾ ಅಂತಾಯಿತು. ನಡುವೆ 1956ರ ನವೆಂಬರ್ 1ಕ್ಕ ಬೆಳಗಾವಿ, ವಿಜಾಪುರ, ಧಾರವಾಡ ಆ ಕಡೆ ಮೈಸೂರು ರಾಜ್ಯಕ್ಕ ಹೋದವು, ನಾವು ಈ ಕಡೆ ಉಳಿದಿವಿ. 1960ರ ಮೇ 1ರಿಂದ ನಮ್ಮದು ಮಹಾರಾಷ್ಟ್ರ.

ಇಷ್ಟು ಸಲ ಬೋರ್ಡು ಬದಲಾದರೂ ಮನಿಯೊಳಗ ಕೆಲಸ ನಿಂತಿದ್ದಿಲ್ಲ. ಒಲಿ ಹೊತ್ತಿಸೋದು, ಹಿತ್ತಲಕ್ಕ ನೀರು ಬಿಡೋದು, ಬ್ಯಾಸಗಿಯಾಗ ಕೌದಿ ಹೊಲಿಯೋದು ನಡದೇ ಇತ್ತು. ಸಾಲಿ, ಚಾವಡಿ, ಬಜಾರ ಎಲ್ಲಾ ಮರಾಠಿ ಆದ ಮ್ಯಾಲೂ ನಮ್ಮಂಥ ಮನಿಗಳಾಗ ಕನ್ನಡ ಉಳಿದದ್ದು ಈ ಕೆಲಸದ ಆಸರದಿಂದ. ಕೆಲಸ ಹೋದಲ್ಲಿ ಮಾತೂ ಹೋಗಾಕತ್ತೇದ. ಅದಕ್ಕೇ ಈ ನಾಲ್ಕು ಮಾತು ಬರೀತೇನಿ.

ಮೊದಲು ಕೌದಿ. ಮರಾಠಿಯಾಗ ಗೋಧಡಿ ಅಂತಾರ, ವಾಕಳ ಅಂತಲೂ ಅಂತಾರ. ಸುಗ್ಗಿ ಮುಗಿದು ಕಾಳು ಮನಿ ಸೇರಿದ ಮ್ಯಾಲೆ, ಚೈತ್ರ ವೈಶಾಖದಾಗ ಕೌದಿ ಹಾಸತಿದ್ದರು. ಅದಕ್ಕ ಕಾರಣ ಅದಾವ. ಆವಾಗ ಹೊಲದಾಗ ಕೆಲಸ ಕಡಿಮಿ, ಒಗೆದ ಬಟ್ಟಿ ಒಂದೇ ದಿನದಾಗ ಒಣಗತಾವ, ತವರಿಗೆ ಬಂದ ಹೆಣ್ಣಮಕ್ಕಳು ಮನಿಯಾಗ ಇರತಾರ. ಹಳೆ ಧೋತರ, ಇಲ್ಲಾ ಒಂಬತ್ತವಾರಿ ಸೀರಿ ಕೆಳಗ ಹಾಸಿ, ನಡುವೆ ಹರಕು ಅರಿವಿ ಪದರು ಪದರಾಗಿ ಇಟ್ಟು, ಮ್ಯಾಲೆ ಚಂದ ಕಾಣೋ ತುಂಡು ಜೋಡಿಸಿ ನಾಲ್ಕೂ ದಂಡಿಯಿಂದ ಒಳಗ ಒಳಗ ಹೊಲಕೊಂತ ಬರತಿದ್ದರು. ಸೀರಿಯ ಸೆರಗು, ದಡಿ ಎಂದೂ ಚೆಲ್ಲತಿದ್ದಿಲ್ಲ. ಅವು ಗಟ್ಟಿ ಇರತಾವ, ಅಂಚಿಗೆ ಬೇಕಾಗತಾವ. ಮೆತ್ತಗಾದ ಹಳೇ ಧೋತರ ಕೂಸಿನ ಕುಂಚಿಗಿಗೆ, ತೊಟ್ಟಿಲ ಕೌದಿಗೆ. ಕೆಲವು ಮನಿಗಳಾಗ ಕಡೀ ಹೊಲಿಗಿ ಮುಚ್ಚೂಕಿಂತ ಮೊದಲ ಒಳಗ ಒಂದು ರೊಟ್ಟಿ ಚೂರು ಇಡತಿದ್ದರು. ಕೌದಿಯ ಹೊಟ್ಟಿ ತುಂಬಿದ್ರ ಅದನ್ನ ಹೊದ್ದವರ ಹೊಟ್ಟೀನೂ ತುಂಬತೇತಿ ಅನ್ನೋ ನಂಬಿಕಿ.

ಆ ಬಟ್ಟಿ ಎಲ್ಲಿಂದ ಬರತಿದ್ದವು ಅಂತ ನೋಡಿದ್ರ ಹಳೇ ಸಂಸ್ಥಾನಗಳ ನಕಾಶೇನ ಕಾಣತೇತಿ. ನಮ್ಮ ಬಗಲಿನ ಸಾಂಗಲಿ ಸಂಸ್ಥಾನದಾಗ ರಬಕವಿ, ತೇರದಾಳ, ಬೆಳಗಾವಿ ಹತ್ತರದ ಶಹಾಪುರ, ಆ ಕಡೆ ಶಿರಹಟ್ಟಿ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಹಿರಿಯ ಪಾತಿಯದು. ನಮ್ಮ ಕಿರಿಯ ಪಾತಿಗೂ ಧಾರವಾಡ ಕಡೆ ಹಳ್ಳಿಗಳಿದ್ದವು. ರಬಕವಿ, ಶಹಾಪುರ ಎರಡೂ ನೇಕಾರರ ಊರು. ಆ ಕಡೆ ಹೆಣ್ಣು ಕೊಡೋದು ತರೋದು ನಡದೇ ಇತ್ತು, ಸೊಸಿ ಸಂಗಾಟ ಅಲ್ಲಿ ಸೀರಿ ಬರತಿದ್ದವು. ಇಳಕಲ್ ಸೀರಿಯಂತೂ ಎಲ್ಲಾ ಕಡೆ ಇದ್ದದ್ದೇ. ಇಪ್ಪತ್ತು ವರ್ಷ ಉಟ್ಟ ಮ್ಯಾಲೆ ಆ ಸೀರಿ ಕೌದಿ ಸೇರತಿತ್ತು. ಇವತ್ತು ರಬಕವಿ ಬ್ಯಾರೆ ರಾಜ್ಯ, ಬುಧಗಾಂವ ಬ್ಯಾರೆ ರಾಜ್ಯ. ಹಳೇ ಕೌದಿಯೊಳಗ ಮಾತ್ರ ಎರಡೂ ಕೂಡೇ ಅದಾವ.

ಎರಡನೇ ಮಹಾಯುದ್ಧದ ಕಾಲಕ್ಕ, 1943ರಿಂದ, ಬಟ್ಟಿಗೂ ಸರಕಾರದ ಕಂಟ್ರೋಲ ಬಂತು. ಹೊಸಾ ಅರಿವಿ ಸಿಗದ ಆ ಕಾಲದಾಗ ಹಳೇ ಕೌದಿಯ ಮ್ಯಾಲೇ ಮತ್ತೊಂದು ಪದರು ಹಾಕಿ ಹೊಲದರು ಅಂತ ಹಿರ್ಯಾರು ಹೇಳತಿದ್ದರು. ಅದಕ್ಕೇ ಹಳೇ ಕೌದಿ ಬಿಚ್ಚಿದ್ರ ಕೌದಿಯೊಳಗ ಇನ್ನೊಂದು ಕೌದಿ ಸಿಗತೇತಿ. ಮುಂದೆ ಮುಂಬೈ ಗಿರಣಿ ಕಾಲ. ಸಾತಾರಾ, ಸಾಂಗಲಿ, ಕೊಲ್ಹಾಪುರ, ಕೊಂಕಣದ ಗಂಡಸರು ಬಟ್ಟಿ ಗಿರಣಿಗೆ ಹೋದರು. ರಜಾಕ್ಕ ಬರೋವಾಗ ಗಿರಣಿ ಅರಿವಿ, ಕಟ್ ಪೀಸು ತರತಿದ್ದರು. 1982ರ ಜನವರಿ 18ಕ್ಕ ದತ್ತಾ ಸಾಮಂತರ ಮುಂದಾಳತನದಾಗ ದೊಡ್ಡ ಸಂಪು ಸುರು ಆಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಎಷ್ಟೋ ಗಿರಣಿ ಮತ್ತ ತೆರೀಲೇ ಇಲ್ಲ, ಎಷ್ಟೋ ಮಂದಿ ಊರಿಗೆ ತಿರುಗಿ ಬಂದರು. ಅದರ ಹಿಂದೆ ನಾಯಲಾನ್, ಪಾಲಿಸ್ಟರ್ ಸೀರಿ ಬಂದವು. ಅವು ಹರಿಯಂಗಿಲ್ಲ, ಬಣ್ಣ ಬಿಡಂಗಿಲ್ಲ, ಖರೆ. ಆದ್ರ ಬೆವರು ಹೀರಂಗಿಲ್ಲ, ಪದರಿಗೆ ಪದರು ಕೂಡಂಗಿಲ್ಲ, ಜಾರತಾವ. ಹತ್ತಿ ಅರಿವಿ ಮನಿಯಿಂದ ಹೋತು, ಕೌದಿ ಹೊಲಿಯೋದು ತಾನೇ ಕಡಿಮಿ ಆಯಿತು. ಹೆಣ್ಣಮಕ್ಕಳು ಆಲಸಿ ಆದರು ಅಂತ ಕೆಲವರು ಅಂತಾರ, ಅದು ನನಗ ಒಪ್ಪಿಗಿ ಇಲ್ಲ. ಹೊಲಿಯಾಕ ಯೋಗ್ಯ ಅರಿವಿನೇ ಇಲ್ಲಂದ್ರ ಅವರು ಏನ ಹೊಲೀಬೇಕು?

ಇನ್ನು ಒಲಿ. ನಮ್ಮ ಕಡೆ ಎರಡು ಪಂಚಾಂಗ ಅದಾವೇನೋ ಅನಸತೇತಿ. ಕಾರಹುಣ್ಣಿವಿ ಜ್ಯೇಷ್ಠದಾಗ. ಅದನ್ನ ಇಲ್ಲಿ ಕರ್ನಾಟಕಿ ಬೇಂದೂರ ಅಂತಾರ. ಮರಾಠಿ ಮಂದಿಯ ಮಹಾರಾಷ್ಟ್ರ ಬೇಂದೂರ ಆಷಾಢದಾಗ. ಎತ್ತು ಒಂದೇ, ಹೋಳಿಗಿನೂ ಒಂದೇ, ತಿಂಗಳು ಬ್ಯಾರೆ. ಗಡಿ ಊರಾಗ ಯಾರ ಮನಿ ಯಾವ ಕಡೆದು ಅಂತ ತಿಳೀಬೇಕಾದ್ರ ಎತ್ತಿಗೆ ಕೋಡೆಣಸು ಕಟ್ಟೂ ದಿನ ನೋಡಿದ್ರ ಸಾಕು. ಪಂಚಮಿಗೆ ಜ್ವಾಳದ ಅಳ್ಳು, ತಂಬಿಟ್ಟಿನ ಉಂಡಿ, ಆ ದಿನ ಹೆಚ್ಚೋದಿಲ್ಲ, ಕರಿಯೋದಿಲ್ಲ. ಗೌರಿ ಬಂದ ದಿನ ರೊಟ್ಟಿ ಪಲ್ಲೆದ ನೈವೇದ್ಯ, ಆವಾಗ ಹಿತ್ತಲದಾಗ ಎಳೇ ಪಲ್ಲೆ ಇರತೇತಿ. ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲೋದು: ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಪುಂಡಿ ಪಲ್ಲೆ, ಬದನಿಕಾಯಿ. ಭೋಗಿಗೆ ಎಳ್ಳು ಹಚ್ಚಿದ ರೊಟ್ಟಿ, ಅವರಿ, ಹಸೀ ಕಡ್ಲಿ, ಗಜ್ಜರಿ ಕೂಡಿಸಿದ ಪಲ್ಲೆ. ಸುಗ್ಗಿಗೆ ಸೀತನಿ. ಬ್ಯಾಸಗಿಗೆ ಹಪ್ಪಳ, ಸಂಡಿಗಿ, ಶಾವಿಗಿ, ವರ್ಷದ ಖಾರ. ಥಂಡ್ಯಾಗ ಎಳ್ಳು ಸಜ್ಜಿ ಮೈಗೆ ಕಾವು ಕೊಡತಾವ, ಮಳಿಗಾಲದಾಗ ಹಿತ್ತಲ ಖಾಲಿ ಇದ್ದಾಗ ಬ್ಯಾಸಗಿ ಸಂಡಿಗಿ ಒದಗತಾವ. ಹಬ್ಬದ ಹೆಸರಲೇ ನಮ್ಮ ಹಿರ್ಯಾರು ಉಗ್ರಾಣದ ಲೆಕ್ಕ ಇಟ್ಟಿದ್ದರು.

ಈ ಲೆಕ್ಕ ಮೊದಲ ಸಲ ತಪ್ಪಿದ್ದು 1972ರ ಬರದಾಗ. ನಾನು ಆವಾಗ ಸಾಲಿ ಹುಡುಗ. ಜತ್ತ, ಕವಠೆಮಹಾಂಕಾಳ ಕಡೆ ಜ್ವಾಳ ಹುಟ್ಟಲಿಲ್ಲ. ಹೆಣ್ಣು ಗಂಡು ಕೂಡೇ ಖಡಿ ಒಡೆಯೋ ಬರಗಾಲದ ಕೆಲಸಕ್ಕ ಹೋದರು. ರೇಶನ್ನಿನಾಗ ಪರದೇಶದ ಕೆಂಪು ಜ್ವಾಳ ಬಂತು, ಮಿಲೊ ಅಂತಿದ್ದರು. ಅದರ ರೊಟ್ಟಿ ತಟ್ಟಿದ್ರ ಅಂಚು ಸೀಳತಿತ್ತು, ಗಂಟಲಾಗ ಇಳೀತಿದ್ದಿಲ್ಲ. ಕೆಲಸದ ಜಾಗಾದಾಗ ಸುಕಡಿ ಕೊಡತಿದ್ದರು. ಮಿಲೊ ಹಿಟ್ಟಿಗೆ ಬಿಸಿನೀರು ಹಾಕಿ ನಾದೋದು, ಸಣ್ಣ ರೊಟ್ಟಿ ಮಾಡೋದು ಹೆಣ್ಣಮಕ್ಕಳು ತಾವೇ ಕಂಡು ಹಿಡಿದರು. ಬರದ ಚರಿತ್ರೆಯಾಗ ಮಂತ್ರಿಗಳ ಹೆಸರು ಅದಾವ, ಈ ಹಿಟ್ಟಿನ ಮಾತು ಎಲ್ಲೂ ಇಲ್ಲ.

ಜ್ವಾಳ ಅಂದ್ರ ನಮಗ ಮಾಲದಂಡಿ. ಮಂಗಳವೇಢೆಯ ಜ್ವಾಳ ಈಗೂ ಹೆಸರುವಾಸಿ. ಅದೂ ಹಳೇ ಸಾಂಗಲಿ ಸಂಸ್ಥಾನದ ಊರೇ. 1964ರಲ್ಲಿ ಸಿ.ಎಸ್.ಎಚ್.-1 ಅನ್ನೋ ಹೈಬ್ರಿಡ್ ಜ್ವಾಳ ಬಂತು. ರಾಶಿ ಹೆಚ್ಚಾಯಿತು, ಹಸಿವು ನೀಗಿತು, ಅದನ್ನ ಮರೀಬಾರದು. ಆದ್ರ ದಂಟು ಗಿಡ್ಡ, ಮೇವು ಕಡಿಮಿ, ರೊಟ್ಟಿಗೆ ಮಾಲದಂಡಿಯ ರುಚಿ ಇಲ್ಲ. ಮುಂದೆ ನೀರಾವರಿ ಬಂತು, ಕಬ್ಬು ಬಂತು, ತಾಸಗಾಂವ ಕಡೆ ದ್ರಾಕ್ಷಿ ಬಂತು. ರೊಕ್ಕ ಬಂತು, ಮಕ್ಕಳು ಕಲಿತರು. ಆದ್ರ ಕಬ್ಬಿನ ಹೊಲದಾಗ ಸೀತನಿ ಸುಡಾಕ ಆಗಂಗಿಲ್ಲ. ಜ್ವಾಳ ಹೋದ ಹೊಲದಿಂದ ಸೀತನಿ, ಕಣ, ರಾಶಿ, ತೂರೋದು ಅನ್ನೋ ಮಾತೂ ಹೋದವು.

ಹಿತ್ತಲದ ಮಾತು. ಬಚ್ಚಲ ನೀರು ಹರಿಯೋ ಕಡೆ ಬಾಳಿ, ಕೆಸುವಿನ ಎಲಿ. ಬೇಲಿಗೆ ಹೀರಿ, ಅವರಿ. ನಡುವೆ ಬದನಿ, ಮೆಣಸಿನಗಿಡ, ರಾಜಗಿರಿ. ಕೃಷ್ಣಾ ದಂಡಿಯ ಬದನಿಕಾಯಿಗೆ ಈಗೂ ಬೇಡಿಕಿ ಭಾಳ. ಬೀಜದ ಬದನಿ, ಬೀಜದ ಹೀರಿ ಬಳ್ಳಿಯಲ್ಲೇ ಒಣಗಾಕ ಬಿಟ್ಟು, ಬೂದಿಯಾಗ ಹೊಳ್ಳಿಸಿ ಗಡಗಿಯಾಗ ಇಡತಿದ್ದರು. ಬೂದಿಯಿಂದ ಹುಳ ಹತ್ತತಿದ್ದಿಲ್ಲ. ಬೀಜ ಮಾರತಿದ್ದಿಲ್ಲ, ಕೊಟ್ಟು ತಗೋತಿದ್ದರು.

ಒಂದು ಮೂಲಿಗೆ ಅರಿಷಿಣ ಇದ್ದೇ ಇರತಿತ್ತು. ನಮ್ಮ ಸಾಂಗಲಿ ಅರಿಷಿಣದ ದೊಡ್ಡ ಪ್ಯಾಟಿ. 2018ರಲ್ಲಿ ಸಾಂಗಲಿ ಅರಿಷಿಣಕ್ಕ ಭೌಗೋಲಿಕ ಗುರುತೂ ಸಿಕ್ತು. ಅಕ್ಷಯ ತದಿಗಿ ಸುಮಾರಿಗೆ ಗಡ್ಡಿ ಊರಿದ್ರ ಎಂಟೊಂಬತ್ತು ತಿಂಗಳಿಗೆ ಅಗಿಯೋದು, ಕುದಿಸಿ, ಒಣಗಿಸಿ, ತಿಕ್ಕಿ ಮಾರೋದು. ಹೀಗೆ ಒಣಗಿಸಿದ ಅರಿಷಿಣ ಇಡತಿದ್ದದ್ದು ಕೃಷ್ಣಾ ವಾರಣಾ ಕೂಡೋ ಹರಿಪುರದ ನೆಲದಾಗಿನ ಹಗೇವುಗಳಾಗ. ಮರಾಠಿಯಾಗ ಪೇವ ಅಂತಾರ. ಹಗೇವು ಅನ್ನೋ ಮಾತು ನಮ್ಮ ಮನಿಯಾಗ ಜ್ವಾಳದ ತೆಗ್ಗಿಗೂ ಇತ್ತು. ಗಾಳಿ ಆಡದಂಗ ಬಾಯಿ ಮುಚ್ಚಿದ್ರ ವರ್ಷಗಟ್ಟಲೆ ಹುಳ ಹಿಡಿಯದೆ ಬಣ್ಣ ಕೆಡದೆ ಇರತಿತ್ತು. 2005ರ ಮಹಾಪೂರದಾಗ ನೀರು ಹೊಕ್ಕು ಹರಿಪುರದ ಹಗೇವು ಭಾಳ ಹಾಳಾದವು. ಈಗ ಗೋಡಾವನ್ನು, ಥಂಡಿ ಕೋಣಿ ಬಂದಾವ. 2019ರಾಗ ಮತ್ತ ಕೃಷ್ಣಾ ಉಕ್ಕಿದಳು. ನೀರು ಇಳಿದ ಮ್ಯಾಲೆ ಹೊಳಿ ದಂಡಿ ಮನಿಗಳ ಮುಂದ ತೊಯ್ದ ಕೌದಿ ಸಾಲಾಗಿ ಒಣಗಾಕ ಹಾಕಿದ್ದರು. ಕೆಸರು ಹಿಡಿದು ಕೆಲವು ಚೆಲ್ಲಬೇಕಾತು. ಹೊಸಾ ಚಾದರ ಪರಿಹಾರದಾಗ ಸಿಕ್ಕವು, ಅಜ್ಜಿಯ ಸೀರಿ ಯಾರು ಕೊಡಬೇಕು?

ಹಾಡೋ ಮನಶ್ಯಾ ಆಗಿ ಒಂದು ಮಾತು ಹೇಳತೇನಿ. ಬೀಸೂಕಲ್ಲಿನ ಮುಂದ ಹುಟ್ಟಿದ ಹಾಡು ಹಿಟ್ಟಿನ ಗಿರಣಿ ಬಂದ ಮ್ಯಾಲೆ ನಿಂತವು. ಆದ್ರ ಅವುಗಳ ನಸೀಬ ಚಲೋ ಇತ್ತು. ಆವಾಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಬರಕೊಂಡು 1931ರಲ್ಲಿ ಗರತಿಯ ಹಾಡು ಅಂತ ಪುಸ್ತಕ ತಂದರು. ಕಲ್ಲು ನಿಂತರೂ ಹಾಡು ಉಳಿದವು. ನಮ್ಮ ಊರಿನ ಕೌದಿಗೆ, ಸಂಡಿಗಿಗೆ, ಬೂದಿಯಾಗಿನ ಬೀಜಕ್ಕ ಅಂಥಾ ಗೆಳೆಯರು ಸಿಗಲಿಲ್ಲ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣಮಕ್ಕಳು ಹೊಲಿಯೋ ಕೌದಿಗೆ ಈಗ ಪರದೇಶದಾಗೂ ಪ್ರದರ್ಶನ ಆಗತಾವ. ಅದು ಕಲೆ ಅಂತ ಹೊರಗಿನವರು ಹೇಳಿದ ಮ್ಯಾಲೆ ನಮಗ ತಿಳಿಯೋದು ಬ್ಯಾಡ.

ಜತ್ತ ತಾಲೂಕಿನಾಗ ಕನ್ನಡ ಸಾಲಿ ಅದಾವ. ಈ ಕಡೆ ನಮ್ಮ ಮೊಮ್ಮಕ್ಕಳು ಮರಾಠಿ, ಇಂಗ್ಲಿಷ್ ಸಾಲಿಗೆ ಹೋಗತಾವ, ಹೋಗಲಿ. ಮರಾಠಿ ನಮ್ಮ ಅನ್ನದ ಮಾತು, ಅದರ ಮ್ಯಾಲೆ ಸಿಟ್ಟಿಲ್ಲ. ನನ್ನ ವಿನಂತಿ ಮಾಸ್ತರರಿಗೆ ಇಷ್ಟೇ: ಬ್ಯಾಸಗಿ ಸೂಟಿಗೆ ಮಕ್ಕಳಿಗೆ ಒಂದು ಕೆಲಸ ಕೊಡ್ರಿ. ಮನಿಯಾಗಿನ ಹಳೇ ಕೌದಿ ಹಾಸಿ, ಅಜ್ಜಿಯನ್ನ ಬಾಜೂಕ ಕೂಡಿಸಿ, ಒಂದೊಂದು ತುಂಡು ತೋರಿಸಿ ಇದು ಯಾರ ಸೀರಿ, ಯಾವ ಊರಿಂದ ಬಂತು, ಯಾವ ವರ್ಷ, ಆವಾಗ ಮನಿಯಾಗ ಏನು ಉಣತಿದ್ದಿರಿ ಅಂತ ಕೇಳಿ ಬರಕೊಳ್ಳಲಿ. ಅಜ್ಜಿ ಯಾವ ಮಾತಿನಾಗ ಹೇಳತಾಳೋ ಆ ಮಾತಿನಾಗೇ ಬರೀಲಿ. ಬರೆದ ವಹಿ ನಮ್ಮ ವಾಚನಾಲಯದ ಕಪಾಟಿನಾಗ ಇಡೋಣು. ಈ ಊರಾಗ ಎಂಬತ್ತು ದಾಟಿದ ಅಜ್ಜಿಗಳು ಈಗ ಕೆಲವರೇ ಉಳಿದಾರ, ಮುಂದಿನ ಬ್ಯಾಸಗಿ ತನಕಾ ಕಾಯೋದು ಬ್ಯಾಡ.