ಮೂರು ಸಲ ಸೋತ ಒಪ್ಪಂದ, ಬೇಸತ್ತ ಜನ: ಬ್ರೆಕ್ಸಿಟ್ ಕತೆ ನಮಗ್ಯಾಕೆ?



ಉದ್ದದ ಪೋಸ್ಟು, ಪುರುಸೊತ್ತು ಇದ್ದಾಗ ಓದಿ.

ಕಳೆದ ಭಾನುವಾರ ಹಾಸ್ಟೆಲ್ ಹುಡುಗರ ಜೊತೆ ಸಂವಿಧಾನದ ಪೀಠಿಕೆ ಓದ್ತಾ ಇದ್ವಿ. ಬಿ.ಎ. ಎರಡನೇ ವರ್ಷದ ಹುಡುಗನೊಬ್ಬ ಎದ್ದು, "ಅಣ್ಣಾ, ಪಾರ್ಲಿಮೆಂಟು, ಅಸೆಂಬ್ಲಿ ಎಲ್ಲಾ ಬರೀ ಕೂಗಾಟ. ಏನೂ ಕೆಲಸ ಆಗಲ್ಲ. ಒಬ್ಬ ಗಟ್ಟಿ ಮನುಷ್ಯ ಕೂತ್ಕೊಂಡು ತೀರ್ಮಾನ ಮಾಡಿಬಿಟ್ರೆ ವಾಸಿ ಅಲ್ವಾ?" ಅಂದ. ನಮ್ಮದೇ ಹುಡುಗ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ. ಬೈಯೋಕೆ ಮನಸ್ಸು ಬರಲಿಲ್ಲ. ಸ್ಕಾಲರ್‌ಶಿಪ್ ದುಡ್ಡು ಬರದೆ ತಿಂಗಳುಗಟ್ಟಲೆ ಅಲೆದಿರೋ ಹುಡುಗ ಅವನು. ಅವನ ಬೇಸರ ಸುಳ್ಳಲ್ಲ. ಅದಕ್ಕೇ ಇಂಗ್ಲೆಂಡಿನ ಕತೆ ಹೇಳಿದೆ. ಟೈಮ್ ಸಾಲದೆ ಅರ್ಧಕ್ಕೆ ನಿಂತಿತು. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೀನಿ.

ಇಡೀ ರಗಳೆ ಶುರುವಾಗಿದ್ದು ಒಂದು ಪಕ್ಷದ ಒಳಜಗಳದಿಂದ. ಕನ್ಸರ್ವೇಟಿವ್ ಪಕ್ಷದಲ್ಲಿ ಐರೋಪ್ಯ ಒಕ್ಕೂಟದ ವಿಚಾರಕ್ಕೆ ದಶಕಗಳಿಂದ ಕಿತ್ತಾಟ ಇತ್ತು. ಹೊರಗಿನಿಂದ ನೈಜೆಲ್ ಫರಾಜ್ ಅವರ ಪಕ್ಷ ಓಟು ಕೀಳ್ತಾ ಇತ್ತು. ಪ್ರಧಾನಿ ಡೇವಿಡ್ ಕ್ಯಾಮರೂನ್ 2013ರ ಜನವರಿಯಲ್ಲಿ, ಮುಂದಿನ ಚುನಾವಣೆ ಗೆದ್ದರೆ ಜನಮತಗಣನೆ ಮಾಡ್ತೀನಿ ಅಂತ ಮಾತು ಕೊಟ್ಟರು. ತಮ್ಮ ಪಕ್ಷದವರ ಬಾಯಿ ಮುಚ್ಚಿಸೋಕೆ ದೇಶವನ್ನೇ ಪಣಕ್ಕಿಟ್ಟರು ಅಂತ ನಾನು ಹೇಳ್ತೀನಿ. 2015ರಲ್ಲಿ ಗೆದ್ದರು, ಮಾತು ಉಳಿಸಿಕೊಳ್ಳಲೇಬೇಕಾಯ್ತು.

2016ರ ಜೂನ್ 23. ಮತಪತ್ರದ ಮೇಲೆ ಒಂದೇ ಪ್ರಶ್ನೆ, ಎರಡೇ ಉತ್ತರ: ಉಳಿಯೋದಾ, ಬಿಡೋದಾ? ಶೇ. 51.9 ಬಿಡೋಣ, ಶೇ. 48.1 ಉಳಿಯೋಣ. ಒಂದು ಕೋಟಿ 74 ಲಕ್ಷ ಮತ ಒಂದು ಕಡೆ, ಒಂದು ಕೋಟಿ 61 ಲಕ್ಷ ಇನ್ನೊಂದು ಕಡೆ. ಸ್ಕಾಟ್ಲೆಂಡಿನಲ್ಲಿ ಶೇ. 62 ಜನ ಉಳಿಯೋಣ ಅಂದರು. ಉತ್ತರ ಐರ್ಲೆಂಡ್ ಕೂಡ ಉಳಿಯೋಣ ಅಂದಿತು. ಹೇಗೆ ಬಿಡೋದು, ಬಿಟ್ಟಮೇಲೆ ವ್ಯಾಪಾರ ಹೇಗೆ, ಗಡಿ ಹೇಗೆ ಅನ್ನೋದನ್ನ ಮಾತ್ರ ಯಾರೂ ಕೇಳಿರಲಿಲ್ಲ. ಮೂರೂವರೆ ವರ್ಷದ ಗೋಳಿಗೆ ಬೇರು ಇದೇ. ಬಿಡೋಣ ಅಂದವರು ಒಬ್ಬೊಬ್ಬರಿಗೆ ಒಂದೊಂದು ಆಸೆ ತೋರಿಸಿದ್ದರು. ಆಗ ಮಂತ್ರಿಯಾಗಿದ್ದ ಪ್ರೀತಿ ಪಟೇಲ್ ಅವರಂತೂ, ಯೂರೋಪಿನವರು ಬರೋದು ನಿಂತರೆ ನಮ್ಮ ಕಡೆಯಿಂದ ಅಡುಗೆಯವರನ್ನ ಕರೆಸಿಕೊಳ್ಳಬಹುದು, ಕರಿ ಹೋಟೆಲುಗಳು ಉಳೀತಾವೆ ಅಂತ ದಕ್ಷಿಣ ಏಷ್ಯಾದ ಮೂಲದವರ ಹತ್ತಿರ ಪ್ರಚಾರ ಮಾಡಿದರು. ವಲಸಿಗರು ಕಮ್ಮಿಯಾಗಲಿ ಅಂತ ಓಟು ಹಾಕಿದವನೂ, ಅಡುಗೆಯವನು ಬರಲಿ ಅಂತ ಓಟು ಹಾಕಿದವನೂ ಒಂದೇ ಡಬ್ಬಿಗೆ ಹಾಕಿದ್ದು.

ಕ್ಯಾಮರೂನ್ ರಾಜೀನಾಮೆ ಕೊಟ್ಟು ಹೋದರು. ತೆರೇಸಾ ಮೇ ಬಂದರು. ಅವರೇ ಖುದ್ದಾಗಿ ಉಳಿಯೋಣ ಅನ್ನೋ ಕಡೆ ಇದ್ದವರು. ಆ ಅನುಮಾನ ಕಳೆಯೋಕೋ ಏನೋ, ಏಕ ಮಾರುಕಟ್ಟೆಯಿಂದಲೂ ಹೊರಗೆ, ಕಸ್ಟಮ್ಸ್ ಒಕ್ಕೂಟದಿಂದಲೂ ಹೊರಗೆ ಅಂತ ಮೊದಲೇ ಗೆರೆ ಎಳೆದುಬಿಟ್ಟರು. ಸೋತ ಶೇ. 48 ಜನರ ಜೊತೆ ಕೂತು ಮಾತಾಡಲಿಲ್ಲ. 2017ರ ಮಾರ್ಚ್ 29ಕ್ಕೆ ಒಕ್ಕೂಟಕ್ಕೆ ಪತ್ರ ಕೊಟ್ಟರು, ಎರಡು ವರ್ಷದ ಗಡಿಯಾರ ಶುರುವಾಯ್ತು. ಆಮೇಲೆ ಬಹುಮತ ದೊಡ್ಡದು ಮಾಡಿಕೊಳ್ಳೋಣ ಅಂತ ಜೂನ್‌ನಲ್ಲಿ ಚುನಾವಣೆಗೆ ಹೋಗಿ, ಇದ್ದ ಬಹುಮತವನ್ನೂ ಕಳಕೊಂಡರು. ಉತ್ತರ ಐರ್ಲೆಂಡಿನ ಡಿಯುಪಿ ಅನ್ನೋ ಸಣ್ಣ ಪಕ್ಷದ 10 ಜನರ ಕೈಗೆ ಸರ್ಕಾರದ ಜುಟ್ಟು ಸಿಕ್ಕಿತು.

ಆ 10 ಜನರ ಊರಿನಲ್ಲೇ ಗಂಟು ಇದ್ದದ್ದು. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ್ದು ಬೇರೆ ದೇಶ, ಐರೋಪ್ಯ ಒಕ್ಕೂಟದ್ದು. ನಡುವೆ ಸುಮಾರು 500 ಕಿ.ಮೀ. ಗಡಿ. ಮೂರು ದಶಕ ಅಲ್ಲಿ ಬಾಂಬು, ಬಂದೂಕು ನಡೆದು 3,500 ಜನರ ಆಸುಪಾಸು ಸತ್ತಿದ್ದಾರೆ. 1998ರ ಶಾಂತಿ ಒಪ್ಪಂದ ಆದಮೇಲೆ ಸೈನಿಕರ ಚೌಕಿಗಳು ಹೋಗಿ, ಜನ ಆ ಕಡೆ ಈ ಕಡೆ ಆರಾಮಾಗಿ ಓಡಾಡ್ತಿದ್ದರು. ಬ್ರಿಟನ್ ಕಸ್ಟಮ್ಸ್ ಒಕ್ಕೂಟ ಬಿಟ್ಟರೆ ಎಲ್ಲೋ ಒಂದು ಕಡೆ ಸರಕಿನ ತಪಾಸಣೆ ಬರಲೇಬೇಕು. ಭೂಮಿ ಗಡಿಯಲ್ಲಿ ಹಾಕಿದರೆ ಶಾಂತಿ ಕೆಡುತ್ತೆ, ಸಮುದ್ರದಲ್ಲಿ ಹಾಕಿದರೆ ಉತ್ತರ ಐರ್ಲೆಂಡು ಬ್ರಿಟನ್ನಿನಿಂದಲೇ ಬೇರೆಯಾದ ಹಾಗೆ. ಮೇ ಅವರ ಒಪ್ಪಂದದಲ್ಲಿ ಇದಕ್ಕೆ ಇದ್ದ ಮದ್ದಿನ ಹೆಸರು 'ಬ್ಯಾಕ್‌ಸ್ಟಾಪ್': ಬೇರೆ ದಾರಿ ಸಿಗೋವರೆಗೂ ಇಡೀ ಬ್ರಿಟನ್ ಒಕ್ಕೂಟದ ಕಸ್ಟಮ್ಸ್ ವ್ಯವಸ್ಥೆಯೊಳಗೇ ಇರೋದು. ಬ್ರೆಕ್ಸಿಟ್ ಕಟ್ಟಾಳುಗಳು ಇದನ್ನ ಸೆರೆವಾಸ ಅಂದರು. ಉತ್ತರ ಐರ್ಲೆಂಡಿಗೆ ಮಾತ್ರ ಕೆಲವು ಬೇರೆ ನಿಯಮ ಇದ್ದದ್ದಕ್ಕೆ ಡಿಯುಪಿ ಮುನಿಯಿತು.

ಮೇ ಅವರ ತಂತ್ರ ಸರಳ: ಗಡಿಯಾರ ಓಡಿಸೋದು. ಬ್ರೆಕ್ಸಿಟ್ ಬೇಕು ಅನ್ನೋರಿಗೆ, ಇದನ್ನ ಒಪ್ಪದಿದ್ದರೆ ಬ್ರೆಕ್ಸಿಟ್ಟೇ ಕೈತಪ್ಪುತ್ತೆ ಅನ್ನೋ ಹೆದರಿಕೆ. ಬೇಡ ಅನ್ನೋರಿಗೆ, ಇದನ್ನ ಒಪ್ಪದಿದ್ದರೆ ಒಪ್ಪಂದವೇ ಇಲ್ಲದೆ ದಬಾರ್ ಅಂತ ಬೀಳ್ತೀವಿ ಅನ್ನೋ ಹೆದರಿಕೆ. ಒಂದೇ ಗಡಿಯಾರ, ಎರಡು ಭಯ. ಆದರೆ ಎರಡೂ ಕಡೆಯವರು ಅದನ್ನ ತಿರುಗಿಸಿ ಓದಿಕೊಂಡರು: ಇದು ಬಿದ್ದರೆ ಮುಂದಿನ ಸರದಿ ನಮ್ಮದೇ ಅಂತ. 2019ರ ಜನವರಿ 15ರಂದು 432–202. ಬ್ರಿಟಿಷ್ ಪ್ರಜಾಪ್ರಭುತ್ವದ ಚರಿತ್ರೆಯಲ್ಲಿ ಯಾವ ಸರ್ಕಾರವೂ ಅಷ್ಟು ಅಂತರದಲ್ಲಿ ಸೋತಿರಲಿಲ್ಲ. ಮಾರನೇ ದಿನ ಅವಿಶ್ವಾಸ ನಿರ್ಣಯ ಬಂದರೆ ಅದೇ ಸರ್ಕಾರ 325–306ರಲ್ಲಿ ಗೆದ್ದಿತು! ಒಪ್ಪಂದ ಬೇಡ, ಸರ್ಕಾರ ಇರಲಿ. ಮಾರ್ಚ್ 12ಕ್ಕೆ ಮತ್ತೆ ಸೋಲು, ಮಾರ್ಚ್ 29ಕ್ಕೆ ಮೂರನೇ ಸಲ ಸೋಲು. ನಡುವೆ ಸ್ಪೀಕರ್ ಜಾನ್ ಬರ್ಕೋ 1604ರ ಪದ್ಧತಿ ತೆಗೆದು, ಅದೇ ನಿರ್ಣಯವನ್ನ ಅದೇ ಅಧಿವೇಶನದಲ್ಲಿ ಮತ್ತೆ ಮತ್ತೆ ತರೋ ಹಾಗಿಲ್ಲ ಅಂದರು.

ಸರಿ, ಸರ್ಕಾರದ್ದು ಬೇಡ ಅಂದರೆ ನಿಮಗೆ ಏನು ಬೇಕು ಹೇಳಿ ಅಂತ ಸಂಸದರೇ ಕಲಾಪವನ್ನ ಕೈಗೆ ತಗೊಂಡರು. ನನಗೆ ಈ ಭಾಗ ತುಂಬ ಮುಖ್ಯ. ಮಾರ್ಚ್ 27ರಂದು 8 ಆಯ್ಕೆ ಇಟ್ಟು ಮತಕ್ಕೆ ಹಾಕಿದರು. ಎಂಟಕ್ಕೆ ಎಂಟೂ ಬಿದ್ದವು. ಏಪ್ರಿಲ್ 1ಕ್ಕೆ ನಾಲ್ಕು ಉಳಿಸಿಕೊಂಡು ಮತ್ತೆ ಹಾಕಿದರು. ನಾಲ್ಕೂ ಬಿದ್ದವು. ಕಸ್ಟಮ್ಸ್ ಒಕ್ಕೂಟದಲ್ಲಿ ಇರೋಣ ಅನ್ನೋದು ಬರೀ 3 ಮತದಿಂದ ಬಿತ್ತು, 276–273. ಒಪ್ಪಂದವನ್ನ ಜನರ ಮುಂದೆ ಮರುಮತಕ್ಕೆ ಇಡೋಣ ಅನ್ನೋದು 12ರಿಂದ ಬಿತ್ತು. ಮರುಮತದಾನವೇ ಆಗಬೇಕು ಅಂದವರಲ್ಲಿ ಹಲವರು ಕಸ್ಟಮ್ಸ್ ಒಕ್ಕೂಟಕ್ಕೆ ಮತ ಕೊಡಲಿಲ್ಲ. ಕಸ್ಟಮ್ಸ್ ಒಕ್ಕೂಟ ಸಾಕು ಅಂದವರಲ್ಲಿ ಹಲವರು ಮರುಮತದಾನಕ್ಕೆ ಕೊಡಲಿಲ್ಲ. ಮೊದಲನೇ ಆಸೆ ಬಿಟ್ಟು ಎರಡನೇದಕ್ಕೆ ಇಳಿಯೋಕೆ ಯಾರೂ ತಯಾರಿರಲಿಲ್ಲ. ದಲಿತ ಸಂಘರ್ಷ ಸಮಿತಿ ಎಷ್ಟು ಬಣವಾಯ್ತು ಅಂತ ಕಂಡ ನಮ್ಮ ಹಿರಿಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಜನ ರೋಸಿಹೋದರು. ಬ್ರೆಕ್ಸಿಟ್ ರದ್ದು ಮಾಡಿ ಅನ್ನೋ ಅರ್ಜಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಲಂಡನ್ನಿನಲ್ಲಿ ಲಕ್ಷಗಟ್ಟಲೆ ಜನ ಮರುಮತಕ್ಕಾಗಿ ಮೆರವಣಿಗೆ ಹೋದರು. ಆ ಕಡೆಯವರು ಮಾರ್ಚ್ 29ರ ರಾತ್ರಿ, ಅಂದರೆ ಹೊರಗೆ ಹೋಗಬೇಕಿದ್ದ ದಿನ, ಪಾರ್ಲಿಮೆಂಟಿನ ಮುಂದೆ ದ್ರೋಹ ದ್ರೋಹ ಅಂತ ಕೂಗಿದರು. (ಅದೇ ಪಾರ್ಲಿಮೆಂಟಿನ ಎದುರು, ಥೇಮ್ಸ್ ನದಿಯ ಆಚೆ ದಡದಲ್ಲಿ ನಮ್ಮ ಬಸವಣ್ಣನ ಮೂರ್ತಿ ಇದೆ, 2015ರಲ್ಲಿ ಇಟ್ಟದ್ದು.) ಅದಕ್ಕೂ ಒಂಬತ್ತು ದಿನ ಮುಂಚೆ ಪ್ರಧಾನಿ ಮೇ ಟಿವಿ ಮುಂದೆ ಬಂದು, ಸಂಸದರ ಆಟ ನೋಡಿ ನಿಮಗೆ ಸಾಕಾಗಿದೆ, ನಾನು ನಿಮ್ಮ ಕಡೆ ಅನ್ನೋ ಅರ್ಥದ ಭಾಷಣ ಮಾಡಿದರು. ತನ್ನ ಸಂಸತ್ತಿನ ಮೇಲೇ ಪ್ರಧಾನಿ ಜನರಿಗೆ ಚಾಡಿ ಹೇಳಿದ ಹಾಗೆ. ಮುಂದೆ ಬಂದವರಿಗೆ ದಾರಿ ತೋರಿಸಿಕೊಟ್ಟದ್ದು ಈ ಭಾಷಣವೇ ಅಂತ ನನ್ನ ಲೆಕ್ಕ. ಅದೇ ವಸಂತದಲ್ಲಿ ಹ್ಯಾನ್ಸರ್ಡ್ ಸೊಸೈಟಿಯ ಸಮೀಕ್ಷೆ ಬಂತು: ನಿಯಮ ಮುರಿಯೋಕೂ ಸಿದ್ಧವಿರೋ ಗಟ್ಟಿ ನಾಯಕ ಬೇಕು ಅಂದವರು ಶೇ. 54.

ನಮ್ಮ ಹುಡುಗ ಕೇಳಿದ್ದೂ ಇದನ್ನೇ ಅಲ್ವಾ?

ಮೇ ಮಾಸದಲ್ಲಿ ತೆರೇಸಾ ಮೇ ಕಣ್ಣೀರಿನಲ್ಲೇ ರಾಜೀನಾಮೆ ಘೋಷಿಸಿದರು. ಜುಲೈ 23ಕ್ಕೆ ಬೋರಿಸ್ ಜಾನ್ಸನ್ ಪಕ್ಷದ ನಾಯಕರಾದರು. ಅವತ್ತು ನಮ್ಮಲ್ಲಿ ಯಾರಿಗೂ ಅದರ ಮೇಲೆ ಗಮನ ಇರಲಿಲ್ಲ ಬಿಡಿ. ಅದೇ ಸಂಜೆ ಇಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಿತು, ನಾವೆಲ್ಲ ಮುಂಬೈ ಹೋಟೆಲಿನ ಸುದ್ದಿಯಲ್ಲಿ ಮುಳುಗಿದ್ವಿ.

ಜಾನ್ಸನ್ ಅವರ ತಂತ್ರ ಬೇರೆ. ಜನ ಒಂದು ಕಡೆ, ಪಾರ್ಲಿಮೆಂಟು ಇನ್ನೊಂದು ಕಡೆ, ನಾನು ಜನರ ಕಡೆ. ಐದು ವಾರ ಪಾರ್ಲಿಮೆಂಟಿಗೇ ಬೀಗ ಹಾಕೋಕೆ ರಾಣಿಗೆ ಸಲಹೆ ಕೊಟ್ಟರು. ವಿರೋಧಿಸಿ ಮತ ಹಾಕಿದ ತಮ್ಮದೇ 21 ಸಂಸದರನ್ನ ಪಕ್ಷದಿಂದ ಹೊರಗೆ ಹಾಕಿದರು. ಅವರಲ್ಲಿ ಚರ್ಚಿಲ್ಲರ ಮೊಮ್ಮಗನೂ ಇದ್ದರು. ಸೆಪ್ಟೆಂಬರ್ 24ಕ್ಕೆ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ, ಬೀಗ ಹಾಕಿದ್ದು ಕಾನೂನುಬಾಹಿರ ಅಂದರು. ಕೇಸು ಹಾಕಿದವರಲ್ಲಿ ಒಬ್ಬರು ಗಯಾನಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜೀನಾ ಮಿಲ್ಲರ್. ಸಂಸತ್ತನ್ನ ಕೇಳದೆ ಒಕ್ಕೂಟಕ್ಕೆ ಪತ್ರ ಕೊಡೋ ಹಾಗಿಲ್ಲ ಅಂತ 2016ರಲ್ಲೇ ಅವರು ಕೇಸು ಹಾಕಿದ್ದರು. ಆಗ ಅವರ ಪರ ತೀರ್ಪು ಕೊಟ್ಟ ಹೈಕೋರ್ಟ್ ಜಡ್ಜ್‌ಗಳ ಫೋಟೋ ಹಾಕಿ 'ಡೈಲಿ ಮೇಲ್' ಪತ್ರಿಕೆ 'ಜನರ ಶತ್ರುಗಳು' ಅಂತ ಮುಖಪುಟ ಮಾಡಿತ್ತು. ಮಿಲ್ಲರ್ ಅವರಿಗೆ ಬಂದ ಬೆದರಿಕೆಗಳಲ್ಲಿ ಅವರ ಬಣ್ಣ, ಮೂಲ ಎಲ್ಲಾ ಬಂತು. ಜನ ಅಂದರೆ ಯಾರು ಅನ್ನೋದು ಆಗ ಗೊತ್ತಾಗುತ್ತೆ.

ಇಲ್ಲಿ ಬಾಬಾಸಾಹೇಬರು ನೆನಪಾಗದೆ ಇರಲ್ಲ. ಅವರು ಓದಿದ್ದು ಅದೇ ಲಂಡನ್ನಿನಲ್ಲಿ, 1921–22ರಲ್ಲಿ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರ್ ಮನೆಯಲ್ಲಿದ್ದು. ಬ್ರಿಟಿಷ್ ಸಂಸದೀಯ ಪದ್ಧತಿಯನ್ನ ಹತ್ತಿರದಿಂದ ಬಲ್ಲವರು. ಆದರೂ ಬಹುಮತ ಅನ್ನೋ ಮಾತಿಗೆ ಅವರು ಎಂದೂ ಮರುಳಾಗಲಿಲ್ಲ. ರಾಜಕೀಯ ಬಹುಮತ ಬದಲಾಗುತ್ತೆ, ಇವತ್ತಿನ ಬಹುಮತ ನಾಳೆ ಅಲ್ಪಮತ ಆಗಬಹುದು. ಹುಟ್ಟಿನಿಂದ ಬರೋ ಬಹುಮತ ಹಾಗಲ್ಲ, ಅದು ಯಾವತ್ತೂ ಬಹುಮತವೇ ಅಂತ ಬಿಡಿಸಿ ಹೇಳಿದರು. 1949ರ ನವೆಂಬರ್ 25ರ ಭಾಷಣದಲ್ಲಿ, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದರು. ಬ್ರಿಟನ್ನಿಗೆ ಲಿಖಿತ ಸಂವಿಧಾನ ಅಂತ ಒಂದೇ ಪುಸ್ತಕ ಇಲ್ಲ. ಅಧಿಕಾರದಲ್ಲಿ ಇರೋರು ಸಂಪ್ರದಾಯಕ್ಕೆ ಮರ್ಯಾದೆ ಕೊಡ್ತಾರೆ ಅನ್ನೋ ನಂಬಿಕೆ ಮೇಲೆ ನಡೆಯೋ ದೇಶ. ಮರ್ಯಾದೆ ಕೊಡದ ಒಬ್ಬರು ಬಂದಾಗ ಕೋರ್ಟೇ ಬಾಗಿಲು ತೆಗೆಸಬೇಕಾಯ್ತು.

ಕೋರ್ಟಿನಲ್ಲಿ ಸೋತ ಜಾನ್ಸನ್ ಊರಿನಲ್ಲಿ ಗೆದ್ದರು. 2019ರ ಡಿಸೆಂಬರ್ 12ರ ಚುನಾವಣೆಗೆ ಅವರ ಘೋಷಣೆ ಮೂರೇ ಪದ, ನಮ್ಮ ಮಾತಲ್ಲಿ 'ಬ್ರೆಕ್ಸಿಟ್ ಮುಗಿಸಿ ಬಿಸಾಕೋಣ' ಅಂತ. ಬ್ರೆಕ್ಸಿಟ್ ಒಳ್ಳೇದು ಅಂತಲೂ ಅಲ್ಲ, ಮುಗಿದರೆ ಸಾಕು ಅಂತ. ಜನರ ಸುಸ್ತನ್ನೇ ಓಟು ಮಾಡಿಕೊಂಡರು. ಕನ್ಸರ್ವೇಟಿವ್ ಗೆದ್ದಿದ್ದ 317 ಕ್ಷೇತ್ರದಲ್ಲಿ ಫರಾಜ್ ತಮ್ಮ ಅಭ್ಯರ್ಥಿಗಳನ್ನ ಹಿಂದೆ ತೆಗೆದರು. ಈ ಕಡೆ ವಿರೋಧ ಪಕ್ಷಗಳು ಒಂದರ ಎದುರು ಒಂದು ನಿಂತವು. ಶೇ. 43.6 ಮತಕ್ಕೆ 650ರಲ್ಲಿ 365 ಸೀಟು. ಫರಾಜ್ ಪಕ್ಷದ್ದು ಸೇರಿಸಿದರೂ ಶೇ. 46 ಮುಟ್ಟಲ್ಲ. ಗಣಿ ಕಾರ್ಮಿಕರ ಊರುಗಳೇ ಲೇಬರ್ ಪಕ್ಷವನ್ನ ಕೈಬಿಟ್ಟವು. 1935ರಿಂದೀಚೆಗೆ ಅಷ್ಟು ಕಮ್ಮಿ ಸೀಟು ಅದಕ್ಕೆ ಬಂದಿರಲಿಲ್ಲ. ಆ ಕಾರ್ಮಿಕರನ್ನ ನಾನು ಮೂರ್ಖರು ಅನ್ನಲ್ಲ. ಗಣಿ ಮುಚ್ಚಿ ಮೂವತ್ತು ವರ್ಷ ಯಾರೂ ತಿರುಗಿ ನೋಡದ ಊರು, ಎಣಿಸಿದ ಓಟಿಗೂ ಬೆಲೆ ಇಲ್ಲ ಅಂದರೆ ಏನು ಮಾಡುತ್ತೆ?

ಒಪ್ಪಂದ ಏನಾಯ್ತು ಅಂತೀರಾ? ಸಮುದ್ರದಲ್ಲಿ ತಪಾಸಣೆ ಹಾಕೋಕೆ ಯಾವ ಕನ್ಸರ್ವೇಟಿವ್ ಸರ್ಕಾರವೂ ಒಪ್ಪಲ್ಲ ಅಂತ 2018ರಲ್ಲಿ ಡಿಯುಪಿ ಸಮಾವೇಶಕ್ಕೇ ಹೋಗಿ ಭಾಷಣ ಮಾಡಿದ್ದ ಜಾನ್ಸನ್, ಮಾರನೇ ವರ್ಷ ಅದಕ್ಕೇ ಸಹಿ ಹಾಕಿದರು. ಸರ್ಕಾರ ಉಳಿಸಿದ ಆ 10 ಜನರ ಅಗತ್ಯ ಮುಗಿದಿತ್ತು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಗೆ ಬಂತು.

ಇಷ್ಟು ಹೇಳಿದಾಗ ಆ ಹುಡುಗ, "ಅಣ್ಣಾ, ಅವರ ಜಗಳದಲ್ಲಿ ನಮ್ಮೋರಿಗೇನು?" ಅಂದ. ಇದೆ.

ಬ್ರಿಟನ್ನಿನಲ್ಲೂ ಜಾತಿ ಇದೆ. ಬಿಹಾರದಿಂದ ಕರಕೊಂಡು ಹೋದ ಒಬ್ಬ ಆದಿವಾಸಿ ಹೆಣ್ಣುಮಗಳನ್ನ ಮಿಲ್ಟನ್ ಕೀನ್ಸ್ ಊರಿನ ಮನೆಯೊಂದರಲ್ಲಿ ನಾಲ್ಕೂವರೆ ವರ್ಷ ಗಂಟೆಗೆ 11 ಪೆನ್ಸ್ ಲೆಕ್ಕದಲ್ಲಿ ದುಡಿಸಿಕೊಂಡರು. 2015ರಲ್ಲಿ ನ್ಯಾಯಮಂಡಳಿ ಬಾಕಿ ಕೂಲಿಯಾಗಿ 1,83,773 ಪೌಂಡ್ ಕೊಡಿಸಿತು. ಜಾತಿ ತಾರತಮ್ಯವನ್ನ ಅಲ್ಲಿನ ಸಮಾನತಾ ಕಾಯ್ದೆಯೊಳಗೆ ತರಬೇಕು ಅಂತ ಅಲ್ಲಿನ ದಲಿತ ಸಂಘಟನೆಗಳು, ರವಿದಾಸಿ ಗುರುದ್ವಾರಗಳ ಜನ, ಬೌದ್ಧರು ವರ್ಷಗಟ್ಟಲೆ ಹೋರಾಡಿದರು. 2013ರ ಏಪ್ರಿಲ್‌ನಲ್ಲಿ ಸಂಸತ್ತು, ಸರ್ಕಾರ ಇದನ್ನ ಮಾಡಲೇಬೇಕು ಅಂತ ಕಾಯ್ದೆಯಲ್ಲೇ ಬರೆಯಿತು. ಸರ್ಕಾರ ಎಳೆಯಿತು. ಕಡೆಗೆ ಸಾರ್ವಜನಿಕರ ಅಭಿಪ್ರಾಯ ಕೇಳೋ ದಾಖಲೆ ಹೊರಗೆ ಬಂದದ್ದು 2017ರ ಮಾರ್ಚ್ 28ರಂದು. ಅಂದರೆ ಬ್ರೆಕ್ಸಿಟ್ ಪತ್ರ ಕೊಡೋದಕ್ಕೆ ಒಂದು ದಿನ ಮುಂಚೆ. ಯಾವ ಪೇಪರಿನ ಕಣ್ಣಿಗೆ ಬಿದ್ದೀತು? 16 ಸಾವಿರಕ್ಕೂ ಮೀರಿ ಉತ್ತರ ಬಂದವು. ಅಲ್ಲಿನ ಹಿಂದೂ ಸಂಘಟನೆಗಳು ಕಾನೂನು ಬೇಡವೇ ಬೇಡ ಅಂತ ಪಟ್ಟು ಹಿಡಿದಿದ್ದವು.

2018ರ ಜುಲೈ ಎರಡನೇ ವಾರ ಬ್ರೆಕ್ಸಿಟ್ ಯೋಜನೆ ಒಪ್ಪದೆ ಮಂತ್ರಿಗಳು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು, ಜಾನ್ಸನ್ ಅವರೂ ಸೇರಿ. ಅದೇ ತಿಂಗಳ 23ಕ್ಕೆ ಸರ್ಕಾರ ಒಂದು ಲಿಖಿತ ಹೇಳಿಕೆ ಮಂಡಿಸಿತು: ಜಾತಿಗೆ ಬೇರೆ ಕಾನೂನು ಬೇಡ, ಕೋರ್ಟಿನ ತೀರ್ಪುಗಳೇ ಸಾಕು, 2013ರ ಆ ಮಾತನ್ನ ಅನುಕೂಲ ಆದಾಗ ತೆಗೆದುಹಾಕ್ತೀವಿ ಅಂತ. ಬ್ರೆಕ್ಸಿಟ್ಟಿನಿಂದಲೇ ಇದು ಸತ್ತಿತು ಅಂತ ನಾನು ಹೇಳಲ್ಲ, ವಿರೋಧ ಮೊದಲಿನಿಂದಲೂ ಇತ್ತು. ಆದರೆ ಸಂಸತ್ತೇ ಹೇಳಿದ ಕೆಲಸವನ್ನ ಸರ್ಕಾರ ಕೈಬಿಟ್ಟಾಗ ಕೊರಳಪಟ್ಟಿ ಹಿಡಿದು ಕೇಳಬೇಕಾದ್ದು ಸಂಸತ್ತು. ಅದಕ್ಕೆ ಆಗ ಬೇರೆ ಏನಕ್ಕೂ ಪುರುಸೊತ್ತು ಇರಲಿಲ್ಲ. ದೊಡ್ಡ ಗದ್ದಲ ನಡೀತಿರುವಾಗ ಸಣ್ಣ ಜನರ ಕಡತ ಹೇಗೆ ಮುಚ್ಚುತ್ತೆ ಅಂತ ಹುಡುಗನಿಗೆ ಇದನ್ನೇ ತೋರಿಸಿದೆ. ಅವನು ನೋಟ್‌ಬುಕ್ಕಿನಲ್ಲಿ ತಾರೀಕು ಬರೆದುಕೊಂಡ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಸ್ಕಾಲರ್‌ಶಿಪ್ ಅರ್ಜಿ ಬಗ್ಗೆ ನಾಳೆ ಆಫೀಸಿಗೆ ಜೊತೆಗೆ ಬರ್ತೀರಾ ಅಣ್ಣಾ ಅಂತ ಮಾತ್ರ ಕೇಳಿದ. ಹೋಗಿ ಬಂದ್ವಿ.

ಬರೋ ಭಾನುವಾರ ಬೆಳಿಗ್ಗೆ 10ಕ್ಕೆ 1949ರ ನವೆಂಬರ್ 25ರ ಭಾಷಣವನ್ನ ಪೂರ್ತಿ ಓದ್ತೀವಿ. ಜೆರಾಕ್ಸ್ ಮಾಡಿಸಿ ಇಟ್ಟಿದ್ದೀನಿ, ಬರೋರು ಪೆನ್ನು ತನ್ನಿ.